ಕರೆ ಬಂದ ಕಡೆಗೆ: ಲಂಡನ್ ಆ್ಯಂಬುಲೆನ್ಸ್ ಸೇವೆಯ ಅರವತ್ತು ವರ್ಷ

1965ರ ಏಪ್ರಿಲ್ 1ರಂದು ಲಂಡನ್ನಿನ ಆಡಳಿತದ ನಕ್ಷೆಯೇ ಬದಲಾಯಿತು. ಹಳೆಯ ಲಂಡನ್ ಕೌಂಟಿ ಕೌನ್ಸಿಲ್ ಹೋಗಿ ಗ್ರೇಟರ್ ಲಂಡನ್ ಕೌನ್ಸಿಲ್ ಬಂತು, ಅದರ ಕೆಳಗೆ ಬರೋ ಎಂಬ 32 ಸ್ಥಳೀಯ ಆಡಳಿತ ಘಟಕಗಳು ಹುಟ್ಟಿದವು. ಅದೇ ದಿನ, ಅಲ್ಲಿಯವರೆಗೆ ಬೇರೆ ಬೇರೆ ಕೈಗಳಲ್ಲಿದ್ದ ಒಂಬತ್ತು ಆ್ಯಂಬುಲೆನ್ಸ್ ಸೇವೆಗಳು ಸೇರಿ ಒಂದೇ ಸಂಸ್ಥೆಯಾದವು. ಸುಮಾರು ಸಾವಿರ ವಾಹನಗಳು, 2,500 ಸಿಬ್ಬಂದಿ. ಲಂಡನ್ ಆ್ಯಂಬುಲೆನ್ಸ್ ಸರ್ವಿಸ್ ಎಂಬ ಹೆಸರಿನಲ್ಲಿ ಆ ಸಂಸ್ಥೆ ಇಂದಿಗೂ ನಡೆಯುತ್ತಿದೆ. 2025ರಲ್ಲಿ ಅದಕ್ಕೆ ಅರವತ್ತು ತುಂಬಿತು. ನಮ್ಮಲ್ಲಾದರೆ ಷಷ್ಟ್ಯಬ್ದಿ ಮಾಡುವ ವಯಸ್ಸು.

ಆ್ಯಂಬುಲೆನ್ಸ್ ಎಂದೊಡನೆ ನಮಗೆ ಕಾಣುವುದು ದೀಪ ಮಿನುಗಿಸುತ್ತ ಓಡುವ ಗಾಡಿ. ಆ ಗಾಡಿ ಎಲ್ಲಿಗೆ ಹೋಗಬೇಕು, ಯಾವುದು ಹೋಗಬೇಕು, ಯಾವ ಕರೆ ಮೊದಲು ಎಂದು ತೀರ್ಮಾನಿಸುವ ಕೊಠಡಿಯನ್ನು ನೋಡಿದವರು ಕಡಿಮೆ. ಈ ಸಂಸ್ಥೆಯ ನಿಜವಾದ ಚರಿತ್ರೆ ಆ ಕೊಠಡಿಯಲ್ಲಿದೆ, ಮತ್ತು ಅದನ್ನು ಯಾರು ನಡೆಸಬೇಕು, ಯಾರ ದುಡ್ಡಿನಲ್ಲಿ ನಡೆಸಬೇಕು ಎಂದು ನಗರದ ಸಭೆಗಳು ತೆಗೆದುಕೊಂಡ ನಿರ್ಧಾರಗಳಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಹಾಗಾಗಿ ಈ ಲೇಖನದಲ್ಲಿ ಗಾಡಿಗಳಿಗಿಂತ ಕರೆಗಳ ಮಾತೇ ಹೆಚ್ಚು.

ಜ್ವರದ ಬಂಡಿಗಳ ಕಾಲ: 1867–1914

ಲಂಡನ್ನಿನ ಸಾರ್ವಜನಿಕ ಆ್ಯಂಬುಲೆನ್ಸ್ ಶುರುವಾದದ್ದು ಅಪಘಾತಗಳಿಗಾಗಿ ಅಲ್ಲ, ಸಾಂಕ್ರಾಮಿಕ ರೋಗಗಳಿಗಾಗಿ. ಸಿಡುಬು, ಟೈಫಸ್, ಕೆಂಪುಜ್ವರ ಬಂದ ಬಡವರನ್ನು ಆಸ್ಪತ್ರೆಗೆ ಸಾಗಿಸಲು ಬಾಡಿಗೆ ಕುದುರೆಗಾಡಿಯೇ ಗತಿಯಾಗಿತ್ತು. ರೋಗಿ ಇಳಿದ ಮೇಲೆ ಅದೇ ಗಾಡಿಯಲ್ಲಿ ಇನ್ನೊಬ್ಬರು ಹತ್ತುತ್ತಿದ್ದರು, ರೋಗವೂ ಅವರ ಜೊತೆ ಮನೆಗೆ ಹೋಗುತ್ತಿತ್ತು. 1867ರ ಕಾಯ್ದೆಯಡಿ ಹುಟ್ಟಿದ ಮೆಟ್ರೊಪಾಲಿಟನ್ ಅಸೈಲಮ್ಸ್ ಬೋರ್ಡ್ ಎಂಬ ಮಂಡಳಿ ಜ್ವರದ ಆಸ್ಪತ್ರೆಗಳನ್ನು ಕಟ್ಟಿತು. ರೋಗಿಗಳನ್ನು ಅಲ್ಲಿಗೆ ತರುವ ಕೆಲಸವನ್ನೂ ತಾನೇ ಮಾಡದೆ ವಿಧಿಯಿಲ್ಲ ಎಂಬುದು ಅದಕ್ಕೆ ಬೇಗ ಅರಿವಾಯಿತು. 1883ರ ಅಕ್ಟೋಬರಿನಲ್ಲಿ ಡೆಪ್ಟ್‌ಫರ್ಡ್‌ನ ಸೌತ್ ಈಸ್ಟರ್ನ್ ಜ್ವರದ ಆಸ್ಪತ್ರೆಯ ಪಕ್ಕದಲ್ಲಿ ಮೊದಲ ಕಾಯಂ ಆ್ಯಂಬುಲೆನ್ಸ್ ನಿಲ್ದಾಣ ತೆರೆಯಿತು. ಕ್ರಮೇಣ ಆರು ಆಸ್ಪತ್ರೆಗಳಲ್ಲಿ ಇಂಥ ನಿಲ್ದಾಣಗಳಾದವು. ಲಂಡನ್ನಿನ ಬಹುಪಾಲು ಮನೆಗಳು ಒಂದಲ್ಲ ಒಂದು ನಿಲ್ದಾಣದಿಂದ ಮೂರು ಮೈಲಿಯ ಒಳಗೇ ಇದ್ದವು.

ಪ್ರತಿ ನಿಲ್ದಾಣದಲ್ಲಿ ಮೇಲ್ವಿಚಾರಕನ ಸಂಸಾರಕ್ಕೆ ಮನೆ, ಇಪ್ಪತ್ತರಷ್ಟು ಸಾರಥಿಗಳು, ಕುದುರೆ ನೋಡಿಕೊಳ್ಳುವವರು, ಜೊತೆಗೆ ದಾದಿಯರು, ಬಟ್ಟೆ ಒಗೆಯುವವರು. ಒಗೆಯುವವರ ಕೆಲಸ ಸಣ್ಣದೇನೂ ಆಗಿರಲಿಲ್ಲ, ಏಕೆಂದರೆ ಪ್ರತಿ ಪ್ರಯಾಣದ ನಂತರ ಗಾಡಿಯನ್ನೂ ಬಟ್ಟೆಯನ್ನೂ ಶುದ್ಧಮಾಡಬೇಕಿತ್ತು. ಸಿಡುಬಿನವರಿಗೆ ಇನ್ನೂ ಒಂದು ಹಾದಿಯಿತ್ತು. ಥೇಮ್ಸ್ ದಡದ ರಾದರ್‌ಹೈತ್ ಕಟ್ಟೆಯಿಂದ ಉಗಿದೋಣಿಗಳು ಅವರನ್ನು ಹತ್ತಿಸಿಕೊಂಡು, ಡಾರ್ಟ್‌ಫರ್ಡ್ ಬಳಿ ಲಂಗರು ಹಾಕಿದ್ದ ಅಟ್ಲಾಸ್, ಎಂಡಿಮಿಯನ್, ಕಸ್ಟೇಲಿಯಾ ಎಂಬ ಆಸ್ಪತ್ರೆ ಹಡಗುಗಳಿಗೆ ಒಯ್ಯುತ್ತಿದ್ದವು.

ಈ ಕಾಲದ ದೊಡ್ಡ ಹೆಜ್ಜೆ ಕಾನೂನಿನ ಪುಟದಲ್ಲಿದೆ. ಬಡವರ ಕಾಯ್ದೆಯಡಿ ಸಹಾಯ ಪಡೆದವನು ಮತದಾನದ ಹಕ್ಕು ಕಳೆದುಕೊಳ್ಳುತ್ತಿದ್ದ ಕಾಲ ಅದು. ಮಂಡಳಿಯ ಆಸ್ಪತ್ರೆಗೆ ಹೋದರೂ ಅದೇ ಕಳಂಕ ಅಂಟುತ್ತದೆಂದು ಜನ ರೋಗವನ್ನು ಬಚ್ಚಿಡುತ್ತಿದ್ದರು. 1883ರ ಕಾಯ್ದೆ ಆ ಕಳಂಕವನ್ನು ತೆಗೆದುಹಾಕಿತು. 1891ರ ಕಾಯ್ದೆಯಿಂದ ಬಡವ ಬಲ್ಲಿದ ಎನ್ನದೆ ಸಾಂಕ್ರಾಮಿಕ ರೋಗಿಗಳೆಲ್ಲರಿಗೂ ಮಂಡಳಿಯ ಆಸ್ಪತ್ರೆ ಉಚಿತವಾಯಿತು. ಕರೆದರೆ ಬರುವ ಗಾಡಿ ದಾನವಲ್ಲ, ಹಕ್ಕು ಎಂಬ ವಿಚಾರದ ಬೇರು ಇಲ್ಲಿದೆ.

ಬೀದಿಯಲ್ಲಿ ಬಿದ್ದು ಕಾಲು ಮುರಿದವನ ಪಾಡು ಮಾತ್ರ ಹಾಗೇ ಉಳಿಯಿತು. ಪೊಲೀಸರು ತಳ್ಳುಗಾಡಿಯ ಮೇಲೆ ಮಲಗಿಸಿ ಒಯ್ಯಬೇಕು, ಇಲ್ಲವೇ ಸೇಂಟ್ ಜಾನ್ ಆ್ಯಂಬುಲೆನ್ಸ್‌ನ ಸ್ವಯಂಸೇವಕರು ಕೈಹಿಡಿಯಬೇಕು. ಸಿಟಿ ಎಂದು ಕರೆಸಿಕೊಳ್ಳುವ ಆ ಒಂದು ಚದರ ಮೈಲಿಯ ಹಳೆಯ ನಗರ ಮಾತ್ರ ಮುಂದಾಲೋಚನೆ ಮಾಡಿತು. ಅಲ್ಲಿನ ಪೊಲೀಸರು 1907ರಲ್ಲಿ ವಿದ್ಯುತ್ ಚಾಲಿತ ಆ್ಯಂಬುಲೆನ್ಸ್ ಓಡಿಸಿದರು, ಅದನ್ನು ಕರೆಯಲು ಬೀದಿಗಳಲ್ಲಿ ದೂರವಾಣಿ ಪೆಟ್ಟಿಗೆಗಳನ್ನು ನೆಟ್ಟರು. ಗಾಡಿಯನ್ನೂ ಕರೆಯನ್ನೂ ಒಂದೇ ಯೋಜನೆಯಲ್ಲಿ ಸೇರಿಸಿ ಯೋಚಿಸಿದ ಈ ಕೆಲಸಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ. ಉಳಿದ ಲಂಡನ್ನಿಗೂ ಇಂಥ ಸೇವೆ ಕೊಡುವ ಅಧಿಕಾರವನ್ನು 1909ರ ಕಾಯ್ದೆ ಕೌಂಟಿ ಕೌನ್ಸಿಲ್ಲಿಗೆ ನೀಡಿತು.

ಕೌನ್ಸಿಲ್ಲಿನ ಕೈಗೆ: 1915–1939

ಕಾಯ್ದೆ ಬಂದ ಮೇಲೂ ಗಾಡಿ ಬೀದಿಗಿಳಿಯಲು ಆರು ವರ್ಷ ಹಿಡಿಯಿತು. ಮಂಡಳಿಯೊಂದು ಆಗಲೇ ಗಾಡಿ ಓಡಿಸುತ್ತಿರುವಾಗ ಇನ್ನೊಂದು ಸೇವೆ ಬೇಕೇ, ಖರ್ಚು ಯಾರ ಲೆಕ್ಕಕ್ಕೆ ಎಂಬಂಥ ಪ್ರಶ್ನೆಗಳು ಯಾವ ನಗರಸಭೆಯಲ್ಲೂ ಏಳುವಂಥವೇ. 1915ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಕೌನ್ಸಿಲ್ ತನ್ನ ಅಪಘಾತ ಸೇವೆಯನ್ನು ಆರಂಭಿಸಿತು. ಒಂದೇ ಊರಿನಲ್ಲಿ ರೋಗಕ್ಕೊಂದು, ಅಪಘಾತಕ್ಕೊಂದು ಎಂದು ಎರಡು ಸೇವೆಗಳು ಹದಿನೈದು ವರ್ಷ ಅಕ್ಕಪಕ್ಕ ನಡೆದವು. 1930ರ ಏಪ್ರಿಲ್ 1ರಂದು ಅಸೈಲಮ್ಸ್ ಬೋರ್ಡ್ ರದ್ದಾಗಿ, ಅದರ ಆಸ್ಪತ್ರೆ, ಗಾಡಿ, ದೋಣಿಗಳೆಲ್ಲ ಕೌನ್ಸಿಲ್ಲಿಗೆ ಬಂದವು.

ಆಮೇಲೆ ಬಂದದ್ದು 999. ಅದು ದೂರವಾಣಿ ನಡೆಸುತ್ತಿದ್ದ ಅಂಚೆ ಇಲಾಖೆಯ ಕೆಲಸ, ಆದರೆ ಅದಿಲ್ಲದೆ ಈ ಚರಿತ್ರೆ ಇಲ್ಲ. 1935ರ ನವೆಂಬರ್ 10ರಂದು ವಿಂಪೋಲ್ ಸ್ಟ್ರೀಟಿನ ವೈದ್ಯರೊಬ್ಬರ ಮನೆಗೆ ಬೆಂಕಿ ಬಿದ್ದು ಐವರು ಮಹಿಳೆಯರು ಸತ್ತರು. ಎದುರು ಮನೆಯವರು ದೂರವಾಣಿ ಎತ್ತಿ ಕಾದರು, ವಿನಿಮಯ ಕೇಂದ್ರದಿಂದ ಉತ್ತರವಿಲ್ಲ. ಅವರ ಕರೆ ಉಳಿದೆಲ್ಲ ಕರೆಗಳ ಸಾಲಿನಲ್ಲಿ ನಿಂತಿತ್ತು. ಅವರು ಟೈಮ್ಸ್ ಪತ್ರಿಕೆಗೆ ಬರೆದ ಕಾಗದ ಸರ್ಕಾರವನ್ನು ತಟ್ಟಿ, ಸಮಿತಿಯೊಂದು ಕೂತು, 1937ರ ಜೂನ್ 30ರಂದು ಆಕ್ಸ್‌ಫರ್ಡ್ ಸರ್ಕಸ್ಸಿನ ಸುತ್ತ ಹನ್ನೆರಡು ಮೈಲಿಯೊಳಗೆ 999 ಜಾರಿಗೆ ಬಂತು. ಆ ಸಂಖ್ಯೆ ತಿರುಗಿಸಿದರೆ ಕೇಂದ್ರದಲ್ಲಿ ಕೆಂಪು ದೀಪ ಹೊತ್ತಿ ಹಾರ್ನ್ ಕೂಗುತ್ತಿತ್ತು. ಮೊದಲ ವಾರವೇ ಸಾವಿರಕ್ಕೂ ಹೆಚ್ಚು ಕರೆ ಬಂದವು. ಅವಸರದ ಕರೆಯನ್ನು ಮಾಮೂಲಿ ಕರೆಯಿಂದ ಬೇರ್ಪಡಿಸುವ ತತ್ವ ಅಂದು ನೆಲೆಗೊಂಡಿತು. ಮುಂದಿನ ಸುಧಾರಣೆಗಳೆಲ್ಲ ಅದರ ವಿಸ್ತರಣೆಗಳೇ.

ಬಾಂಬುಗಳ ನಡುವೆ: 1939–1948

ಯುದ್ಧ ಶುರುವಾದಾಗ ಕೌನ್ಸಿಲ್ ಲಂಡನ್ ಸಹಾಯಕ ಆ್ಯಂಬುಲೆನ್ಸ್ ಸೇವೆಯನ್ನು ಕಟ್ಟಿತು. ಶಾಲೆ, ಗ್ಯಾರೇಜುಗಳೇ ನಿಲ್ದಾಣಗಳಾದವು. ಖಾಸಗಿ ಕಾರು, ಸರಕಿನ ವ್ಯಾನುಗಳಿಗೆ ಸ್ಟ್ರೆಚರ್ ಜೋಡಿಸಿದರು. 139 ಸಹಾಯಕ ನಿಲ್ದಾಣಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಸೇರಿಕೊಂಡರು, ಅವರಲ್ಲಿ ಹೆಚ್ಚಿನವರು ಹೆಂಗಸರು. ದೀಪ ಹಚ್ಚುವಂತಿಲ್ಲದ ಊರಿನಲ್ಲಿ, ರಸ್ತೆಗಳೇ ಕುಸಿದಿರುವಾಗ ಅವರು ಗಾಡಿ ಓಡಿಸಿದರು. 1940ರ ಸೆಪ್ಟೆಂಬರಿನಿಂದ ಸತತ 57 ರಾತ್ರಿ ಲಂಡನ್ನಿನ ಮೇಲೆ ಬಾಂಬು ಬಿತ್ತು.

ಭಾರತೀಯರು ಹೆಮ್ಮೆಯಿಂದ ನೆನೆಯಬೇಕಾದ ಒಂದು ನಿಲ್ದಾಣ ಇದರಲ್ಲಿತ್ತು. ರೀಜೆಂಟ್ಸ್ ಪಾರ್ಕಿನ ಬಳಿ ಅಗಸ್ಟಸ್ ಸ್ಟ್ರೀಟಿನ 50ನೇ ಸಹಾಯಕ ನಿಲ್ದಾಣವನ್ನು ಲಂಡನ್ನಿನಲ್ಲಿದ್ದ ಭಾರತೀಯರು ನಡೆಸಿದರು. ತಮ್ಮ ದೇಶ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ದಿನಗಳಲ್ಲೇ ಆ ಜನ ಪರದೇಶದ ರಾಜಧಾನಿಯ ಗಾಯಾಳುಗಳನ್ನು ಎತ್ತಿದರು. ಲಂಡನ್ನಿನ ಆ್ಯಂಬುಲೆನ್ಸ್ ಚರಿತ್ರೆ ಬರೆಯುವವರು ಇವರಿಗೊಂದು ಪುಟ ಕೊಡಲೇಬೇಕು.

1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಾಗ, ಅಗತ್ಯವಿದ್ದ ಎಲ್ಲರಿಗೂ ಆ್ಯಂಬುಲೆನ್ಸ್ ಒದಗಿಸುವುದು ಸ್ಥಳೀಯ ಆಡಳಿತಗಳ ಕರ್ತವ್ಯವಾಯಿತು. 1909ರಲ್ಲಿ ಅಧಿಕಾರವಾಗಿದ್ದದ್ದು ಈಗ ಬಾಧ್ಯತೆಯಾಯಿತು.

ಒಂದೇ ಸಂಸ್ಥೆ: 1965–1985

1965ರ ವಿಲೀನ ಸುಲಭದ್ದಾಗಿರಲಿಲ್ಲ. ಕೌಂಟಿ ಕೌನ್ಸಿಲ್, ಮಿಡ್ಲ್‌ಸೆಕ್ಸ್, ಕ್ರಾಯ್ಡನ್ ಹೀಗೆ ಒಂದೊಂದಕ್ಕೂ ಅದರದೇ ಪದ್ಧತಿ, ಅದರದೇ ನಿಯಂತ್ರಣ ಕೊಠಡಿ, ಅದರದೇ ಅಭಿಮಾನ. ಸಣ್ಣ ಊರುಗಳ ಸಿಬ್ಬಂದಿಗೆ ತಮ್ಮ ಬೀದಿಗಳು ಅಂಗೈ ರೇಖೆಯಷ್ಟು ಪರಿಚಿತ. ದೂರದ ಕೊಠಡಿಯಿಂದ ಆಜ್ಞೆ ಬರುತ್ತದೆ ಎಂಬುದು ಅವರಿಗೆ ರುಚಿಸದಿದ್ದರೆ ಆಶ್ಚರ್ಯವಿಲ್ಲ. ಆದರೂ ಒಂದು ಬರೋದ ಗಡಿಯಲ್ಲಿ ಬಿದ್ದವನಿಗೆ ಪಕ್ಕದ ಬರೋದ ಗಾಡಿ ಹತ್ತಿರವಿದ್ದರೆ ಅದೇ ಬರಬೇಕು ಎಂಬ ಸರಳ ನ್ಯಾಯ ಕೊನೆಗೆ ಗೆದ್ದಿತು. ಅದೇ ದಶಕದಲ್ಲಿ ಮಿಲರ್ ಸಮಿತಿಯ ವರದಿಗಳು ದೇಶದಾದ್ಯಂತ ಆ್ಯಂಬುಲೆನ್ಸ್ ಸಿಬ್ಬಂದಿಗೆ ಕನಿಷ್ಠ ತರಬೇತಿ ಮತ್ತು ಸಲಕರಣೆಯ ಮಟ್ಟವನ್ನು ಗೊತ್ತುಮಾಡಿದವು. ಬರಿಯ ಸಾಗಣೆಯಾಗಿದ್ದ ಕೆಲಸ ಚಿಕಿತ್ಸೆಯ ಕಡೆಗೆ ತಿರುಗತೊಡಗಿತು.

1974ರ ಏಪ್ರಿಲ್ 1ರಂದು ಸಂಸ್ಥೆ ನಗರಾಡಳಿತದ ಕೈಯಿಂದ ಆರೋಗ್ಯ ಸೇವೆಯ ಕೈಗೆ ಹೋಯಿತು, ಸೌತ್ ವೆಸ್ಟ್ ಥೇಮ್ಸ್ ಪ್ರಾದೇಶಿಕ ಆರೋಗ್ಯ ಪ್ರಾಧಿಕಾರದ ಅಡಿಗೆ ಬಂತು. ಅಗ್ನಿಶಾಮಕ ದಳ ಗ್ರೇಟರ್ ಲಂಡನ್ ಕೌನ್ಸಿಲ್ಲಿನಲ್ಲೇ ಉಳಿಯಿತು. ವೈದ್ಯಕೀಯ ದೃಷ್ಟಿಯಿಂದ ಇದು ಸರಿಯಾದ ನಿರ್ಧಾರ. ಗಾಡಿಯಲ್ಲಿರುವವರು ಆಸ್ಪತ್ರೆಯ ಮುಂಚಾಚಿದ ಕೈ ಆಗಬೇಕಿದ್ದರೆ ಆಸ್ಪತ್ರೆಯ ಸಂಸಾರಕ್ಕೇ ಸೇರಬೇಕು. ನಗರದ ದೃಷ್ಟಿಯಿಂದ ಒಂದು ನಷ್ಟವೂ ಆಯಿತು. ಇಂದು ಪೊಲೀಸ್ ಮತ್ತು ಅಗ್ನಿಶಾಮಕ ಸೇವೆಗಳ ಬಗ್ಗೆ ಲಂಡನ್ನಿನ ಮೇಯರ್ ಮತದಾರರಿಗೆ ಉತ್ತರ ಹೇಳಬೇಕು. ಆ್ಯಂಬುಲೆನ್ಸ್ ಬಗ್ಗೆ ಅಂಥ ಹೊಣೆ ಅವರದಲ್ಲ. ಇದು ಸರಿಯಾಗಬೇಕಾದ ವಿಷಯವೆಂದೇ ನನಗೆ ತೋರುತ್ತದೆ.

ಹೊಸ ಮಾನದಂಡಗಳು ಬಂದದ್ದೂ ಆಗಲೇ. ಕರೆ ಬಂದ ಮೂರು ನಿಮಿಷದಲ್ಲಿ ಗಾಡಿ ಹೊರಡಬೇಕು, ನಗರದಲ್ಲಿ ನೂರರಲ್ಲಿ 95 ತುರ್ತು ಕರೆಗಳಿಗೆ 14 ನಿಮಿಷದಲ್ಲಿ ತಲುಪಬೇಕು. 1975ರ ಫೆಬ್ರವರಿ 28ರಂದು ಮೂರ್‌ಗೇಟ್ ಸುರಂಗ ನಿಲ್ದಾಣದಲ್ಲಿ ರೈಲು ಗೋಡೆಗೆ ಬಡಿದು 43 ಮಂದಿ ಸತ್ತಾಗ, ಉಸಿರುಗಟ್ಟುವ ಕತ್ತಲಲ್ಲಿ ಅಗ್ನಿಶಾಮಕರು, ವೈದ್ಯರು, ಆ್ಯಂಬುಲೆನ್ಸ್ ಸಿಬ್ಬಂದಿ ಜೊತೆಯಾಗಿ ದುಡಿದರು.

ಕಷ್ಟದ ದಿನಗಳು: 1986–1996

1987ರ ಕಿಂಗ್ಸ್ ಕ್ರಾಸ್ ಬೆಂಕಿ, 1988ರ ಕ್ಲಾಪಮ್ ರೈಲು ದುರಂತಗಳು ಸಿಬ್ಬಂದಿಯ ಮೇಲೆ ಜನರ ಗೌರವವನ್ನು ಹೆಚ್ಚಿಸಿದವು. ಅವರ ಸಂಬಳ ಮಾತ್ರ ಆ ಗೌರವಕ್ಕೆ ತಕ್ಕಂತಿರಲಿಲ್ಲ. 1989ರ ಸೆಪ್ಟೆಂಬರಿನಲ್ಲಿ ಶುರುವಾದ ರಾಷ್ಟ್ರವ್ಯಾಪಿ ವೇತನ ವಿವಾದ 1990ರ ಆರಂಭದವರೆಗೆ ಎಳೆಯಿತು. ಲಂಡನ್ನಿನಲ್ಲಿ ಪೊಲೀಸರೂ ಸೈನಿಕರೂ ಗಾಡಿ ಓಡಿಸಬೇಕಾಯಿತು. ಸಿಬ್ಬಂದಿಯ ಪರ ಮನವಿಗೆ ದೇಶದಾದ್ಯಂತ ನಲವತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಕೊನೆಗೆ ಎರಡೂ ಕಡೆಯವರು ಒಪ್ಪಂದಕ್ಕೆ ಬಂದರು. ಹಳೆಯ ಗಾಯ ಮಾಯಲು ಸ್ವಲ್ಪ ಕಾಲ ಹಿಡಿಯಿತು, ಅದರ ನೆರಳು ಮುಂದಿನ ಘಟನೆಯ ಮೇಲೂ ಬಿತ್ತು.

ಆ ದಿನಗಳ ನಿಯಂತ್ರಣ ಕೊಠಡಿ ಕಾಗದದ ಮೇಲೆ ನಡೆಯುತ್ತಿತ್ತು. ಕರೆ ಸ್ವೀಕರಿಸಿದವರು ವಿವರವನ್ನು ಚೀಟಿಯ ಮೇಲೆ ಬರೆದು, ನಕ್ಷೆಯ ಪುಸ್ತಕದಲ್ಲಿ ಜಾಗದ ಗುರುತು ಹುಡುಕುತ್ತಿದ್ದರು. ಚೀಟಿ ಕನ್ವೇಯರ್ ಪಟ್ಟಿಯ ಮೇಲೆ ಸಾಗಿ ಒಂದು ಕಡೆ ಸೇರುತ್ತಿತ್ತು. ಅಲ್ಲಿ ಒಬ್ಬರು ಒಂದೇ ಘಟನೆಯ ಎರಡೆರಡು ಚೀಟಿಗಳನ್ನು ಬೇರ್ಪಡಿಸಿ, ಈಶಾನ್ಯ, ವಾಯವ್ಯ, ದಕ್ಷಿಣ ವಿಭಾಗಗಳ ಹಂಚಿಕೆದಾರರಿಗೆ ಕೊಡುತ್ತಿದ್ದರು. ಹಂಚಿಕೆದಾರರು ಯಾವ ಗಾಡಿ ಎಲ್ಲಿದೆ ಎಂದು ನೋಡಿ ನಿರ್ಧರಿಸಿದ ಮೇಲೆ ನಿಲ್ದಾಣಕ್ಕೆ ದೂರವಾಣಿಯಲ್ಲೋ ಗಾಡಿಗೆ ರೇಡಿಯೋದಲ್ಲೋ ಸುದ್ದಿ ಹೋಗುತ್ತಿತ್ತು. ದಿನಕ್ಕೆ 2,000ದಿಂದ 2,500 ಕರೆಗಳು ಹೀಗೆ ಕೈಯಿಂದ ಕೈಗೆ ದಾಟುತ್ತಿದ್ದವು. ಇಷ್ಟನ್ನು ಮೂರು ನಿಮಿಷದಲ್ಲಿ ಮುಗಿಸಬೇಕಿದ್ದವರ ನೆನಪಿನ ಶಕ್ತಿ, ಊರಿನ ಅರಿವು ಅಸಾಧಾರಣವಾದದ್ದು.

ಇದನ್ನು ಕಂಪ್ಯೂಟರಿಗೆ ಒಪ್ಪಿಸುವ ಮೊದಲ ಪ್ರಯತ್ನ 1990ರಲ್ಲಿ ನಿಂತುಹೋಯಿತು. ಎರಡನೆಯದು 1992ರ ಅಕ್ಟೋಬರ್ 26ರಂದು ಚಾಲನೆಗೆ ಬಂತು. ಒಂದೇ ದಿನ ಮೂರು ವಿಭಾಗಗಳನ್ನು ಒಂದು ಮಾಡಿ, ಕಾಗದವನ್ನು ಪೂರ್ತಿ ಬಿಟ್ಟು, ಗಾಡಿ ಆರಿಸುವ ಕೆಲಸವನ್ನೂ ಯಂತ್ರಕ್ಕೆ ಕೊಡಲಾಯಿತು. ಗಾಡಿಗಳು ಎಲ್ಲಿವೆ, ಯಾವ ಸ್ಥಿತಿಯಲ್ಲಿವೆ ಎಂಬ ಮಾಹಿತಿ ಸರಿಯಾಗಿ ತಲುಪದಿದ್ದಾಗ ಯಂತ್ರದ ನಿರ್ಧಾರಗಳು ತಪ್ಪತೊಡಗಿದವು. ಎಚ್ಚರಿಕೆಯ ಸಂದೇಶಗಳು ಪರದೆಯ ಮೇಲೆ ರಾಶಿಬಿದ್ದು, ಮುಖ್ಯವಾದವು ಮೇಲಕ್ಕೆ ಸರಿದು ಕಣ್ಮರೆಯಾದವು. ಗಾಡಿ ಬಾರದ್ದರಿಂದ ಜನ ಮತ್ತೆ ಮತ್ತೆ ಕರೆ ಮಾಡಿದರು, ಕರೆಗಳು ಹೆಚ್ಚಿದಷ್ಟೂ ಗೊಂದಲ ಹೆಚ್ಚಿತು. ಮರುದಿನ ಮಧ್ಯಾಹ್ನ ಅರೆ ಕೈಕೆಲಸದ ಪದ್ಧತಿಗೆ ಮರಳಿದರು. ನವೆಂಬರ್ 4ರ ನಸುಕಿನಲ್ಲಿ ವ್ಯವಸ್ಥೆ ಪೂರ್ತಿ ನಿಂತಿತು. ಪ್ರತಿ ಗಾಡಿ ಹೊರಟಾಗಲೂ ಕಂಪ್ಯೂಟರಿನ ಸ್ಮೃತಿಯ ಚೂರೊಂದು ಬಿಡುಗಡೆಯಾಗದೆ ಉಳಿಯುವಂತೆ ಮಾಡಿದ್ದ ಒಂದು ಸಣ್ಣ ಕೋಡ್ ತುಣುಕು ಅದಕ್ಕೆ ಕಾರಣವಾಗಿತ್ತು. ಬದಲಿ ವ್ಯವಸ್ಥೆಯೂ ಕೈಕೊಟ್ಟಿತು. ಸಿಬ್ಬಂದಿ ಪೆನ್ನು ಕಾಗದ ಎತ್ತಿಕೊಂಡರು.

1993ರ ಫೆಬ್ರವರಿಯಲ್ಲಿ ಬಂದ ತನಿಖಾ ವರದಿ ಕಂಪ್ಯೂಟರ್ ಒಂದನ್ನೇ ದೂರಲಿಲ್ಲ. ಅವಸರದ ಗಡುವು, ಕಡಿಮೆ ಬೆಲೆಯ ಕಡೆ ವಾಲಿದ ಟೆಂಡರು, ಸಾಲದ ತರಬೇತಿ, ಆಡಳಿತ ಮತ್ತು ಸಿಬ್ಬಂದಿಯ ನಡುವೆ ವಿವಾದದ ದಿನಗಳಿಂದ ಉಳಿದ ಅಪನಂಬಿಕೆ, ಎಲ್ಲವನ್ನೂ ಅದು ಬಿಡಿಸಿಟ್ಟಿತು. ಇಂದು ಜಗತ್ತಿನ ಎಷ್ಟೋ ಎಂಜಿನಿಯರಿಂಗ್ ತರಗತಿಗಳಲ್ಲಿ ಇದು ಪಾಠ. ಪಾಠವನ್ನು ಮೊದಲು ಕಲಿತದ್ದು ಈ ಸಂಸ್ಥೆಯೇ ಎಂಬುದನ್ನೂ ಅಲ್ಲಿ ಹೇಳಬೇಕು. ಹೊಸ ತಂಡ ಆತುರಪಡಲಿಲ್ಲ. ಕೊಠಡಿಯಲ್ಲಿ ಕೂರುವವರನ್ನೇ ಕೇಳಿ, ಹಂತಹಂತವಾಗಿ ಕಟ್ಟಿ, 1996ರ ಆರಂಭದಲ್ಲಿ ಚಾಲನೆ ಕೊಟ್ಟ ವ್ಯವಸ್ಥೆ ನಿಂತಿತು. 1997ರಲ್ಲಿ ಅದಕ್ಕೆ ಬ್ರಿಟಿಷ್ ಕಂಪ್ಯೂಟರ್ ಸೊಸೈಟಿಯ ಪ್ರಶಸ್ತಿ ಬಂತು. 1996ರ ಏಪ್ರಿಲಿನಲ್ಲಿ ಸಂಸ್ಥೆ ಸ್ವಂತ ಆಡಳಿತ ಮಂಡಳಿಯುಳ್ಳ ಟ್ರಸ್ಟ್ ಆಯಿತು.

ಕೇಳುವ ಕಲೆ: 1997ರಿಂದ

ಗಾಡಿಯ ರೂಪಗಳು ಆಗಲೇ ಬಹುವಾಗಿದ್ದವು. 1989ರಿಂದ ಲಂಡನ್ನಿನ ಏರ್ ಆ್ಯಂಬುಲೆನ್ಸ್ ವೈದ್ಯರನ್ನು ಹೊತ್ತು ಹಾರುತ್ತಿತ್ತು, 1991ರಲ್ಲಿ ಮೋಟಾರುಬೈಕಿನ ಪ್ಯಾರಾಮೆಡಿಕ್‌ಗಳು ಬಂದರು, 2000ದಲ್ಲಿ ಸೈಕಲ್ ಸವಾರರೂ ಸೇರಿದರು. ಅದಕ್ಕಿಂತ ಮುಖ್ಯವಾಗಿ, ಕರೆ ಸ್ವೀಕರಿಸುವವರ ಕೆಲಸವೇ ಬದಲಾಯಿತು. ಮೊದಲು ವಿಳಾಸ ಬರೆದುಕೊಳ್ಳುವವರಾಗಿದ್ದವರು ಈಗ ಕ್ರಮಬದ್ಧ ಪ್ರಶ್ನೆಗಳಿಂದ ಕಾಯಿಲೆಯ ತೀವ್ರತೆ ಅಳೆಯುತ್ತಾರೆ, ಗಾಡಿ ಬರುವವರೆಗೆ ಎದೆ ಒತ್ತುವುದು ಹೇಗೆಂದು ದೂರವಾಣಿಯಲ್ಲೇ ಹೇಳಿಕೊಡುತ್ತಾರೆ. 2017ರಿಂದ ಪ್ರಾಣಾಪಾಯದ ಕರೆಗಳಿಗೆ ಸರಾಸರಿ ಏಳು ನಿಮಿಷದಲ್ಲಿ ತಲುಪಬೇಕೆಂಬ ಗುರಿ ಇದೆ. ಎಲ್ಲರಿಗೂ ಬೇಗ ಹೋಗುವುದಕ್ಕಿಂತ, ಬೇಗ ಹೋಗಲೇಬೇಕಾದವರನ್ನು ಗುರುತಿಸುವುದು ಮುಖ್ಯವಾಯಿತು.

2005ರ ಜುಲೈ 7ರಂದು ಸುರಂಗ ರೈಲುಗಳಲ್ಲೂ ಬಸ್ಸಿನಲ್ಲೂ ಬಾಂಬು ಸಿಡಿದು 52 ಮಂದಿ ಸತ್ತರು. ಸಿಬ್ಬಂದಿಯ ಧೈರ್ಯವನ್ನು ಎಲ್ಲರೂ ಹೊಗಳಿದರು. ನಗರದ ಚುನಾಯಿತ ಲಂಡನ್ ಅಸೆಂಬ್ಲಿ ಮಾತ್ರ ಹೊಗಳಿಕೆಗೆ ನಿಲ್ಲದೆ ಸ್ವಂತ ಪರಿಶೀಲನೆ ನಡೆಸಿತು. ಮೊಬೈಲ್ ಜಾಲವನ್ನು ಅತಿಯಾಗಿ ನಂಬಿದ್ದನ್ನೂ, ಸುರಂಗದೊಳಗೆ ರೇಡಿಯೋ ಕೆಲಸ ಮಾಡದ್ದನ್ನೂ 2006ರ ವರದಿಯಲ್ಲಿ ನೇರವಾಗಿ ಹೇಳಿತು. ಡಿಜಿಟಲ್ ರೇಡಿಯೋ ಬಂದದ್ದು ಆಮೇಲೆ. ಅಧಿಕಾರವಿಲ್ಲದಿದ್ದರೂ ನಗರದ ಸಭೆ ಪ್ರಶ್ನೆ ಕೇಳಬಲ್ಲದು, ಕೇಳಿದರೆ ಫಲವಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

2017ರ ಹೊಸವರ್ಷದ ರಾತ್ರಿ, ವರ್ಷದಲ್ಲೇ ಅತಿ ಹೆಚ್ಚು ಕರೆ ಬರುವ ಹೊತ್ತಿನಲ್ಲಿ, ಕಂಪ್ಯೂಟರ್ ವ್ಯವಸ್ಥೆ ಕೆಲವು ಗಂಟೆ ನಿಂತಿತು. ಈ ಸಲ ಕೈಬರಹಕ್ಕೆ ಮರಳುವ ಅಭ್ಯಾಸ ಸಿಬ್ಬಂದಿಗಿತ್ತು. ಅದೇ ವರ್ಷ ವೆಸ್ಟ್‌ಮಿನ್‌ಸ್ಟರ್ ಸೇತುವೆ ಮತ್ತು ಲಂಡನ್ ಬ್ರಿಡ್ಜ್ ಮೇಲಿನ ಭಯೋತ್ಪಾದಕ ದಾಳಿಗಳು, 72 ಜನರನ್ನು ಬಲಿತೆಗೆದುಕೊಂಡ ಗ್ರೆನ್‌ಫೆಲ್ ವಸತಿ ಗೋಪುರದ ಬೆಂಕಿ ಸಾಲಾಗಿ ಬಂದವು. 2020ರ ಕೋವಿಡ್ ದಿನಗಳಲ್ಲಿ ಅಗ್ನಿಶಾಮಕರು ಆ್ಯಂಬುಲೆನ್ಸ್ ಓಡಿಸಲು ಬಂದರು. 1974ರಲ್ಲಿ ಬೇರೆಯಾದ ಎರಡು ಸೇವೆಗಳು ಕಷ್ಟದಲ್ಲಿ ಮತ್ತೆ ಒಂದೇ ಗಾಡಿಯಲ್ಲಿ ಕೂತವು.

ಇಂದು ಸಂಸ್ಥೆ ಸುಮಾರು 620 ಚದರ ಮೈಲಿಯಲ್ಲಿ ವರ್ಷಕ್ಕೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು 999 ಕರೆಗಳಿಗೆ ಉತ್ತರಿಸುತ್ತದೆ. ನಗರದ ಪೂರ್ವಕ್ಕೆ ನ್ಯೂಹ್ಯಾಮ್‌ನಲ್ಲೂ ನಿಯಂತ್ರಣ ಕೇಂದ್ರವಿದೆ. ಬಹುಕಾಲದ ಮುಖ್ಯ ಕಚೇರಿ ಲ್ಯಾಂಬೆತ್ ಬರೋದ ವಾಟರ್‌ಲೂ ರಸ್ತೆಯಲ್ಲಿದೆ. ಕರ್ನಾಟಕದಲ್ಲೂ 2008ರ ನವೆಂಬರ್ 1ರಿಂದ 108ರ ಆರೋಗ್ಯ ಕವಚ ಇದೇ ಕೆಲಸ ಮಾಡುತ್ತಿದೆ. ನಿಯಂತ್ರಣ ಕೊಠಡಿಯಲ್ಲಿ ಕೂರುವವರನ್ನು ಕೇಳದೆ ಅವರ ಕೆಲಸದ ವಿಧಾನವನ್ನು ಬದಲಿಸಬಾರದು ಎಂಬ 1992ರ ಪಾಠ ಅದನ್ನು ನಡೆಸುವವರಿಗೂ ಸಲ್ಲುತ್ತದೆ.

ಲಂಡನ್ನಿನಲ್ಲಿ ನೆಲೆಸಿದ ಕನ್ನಡಿಗರಲ್ಲಿ, ಅದರಲ್ಲೂ ಮಕ್ಕಳ ಮನೆಗೆ ಬಂದಿರುವ ಹಿರಿಯರಲ್ಲಿ, ಒಂದು ವಿನಂತಿ. 999ಕ್ಕೆ ಕರೆ ಮಾಡಿದಾಗ ಯಾವ ಸೇವೆ ಬೇಕೆಂದು ಮೊದಲು ಕೇಳುತ್ತಾರೆ, ಆ್ಯಂಬುಲೆನ್ಸ್ ಎನ್ನಿ. ಆಮೇಲೆ ನೀವಿರುವ ಜಾಗ ಹೇಳಿ, ರೋಗಿ ಉಸಿರಾಡುತ್ತಿದ್ದಾರೆಯೇ ಎಂಬ ಪ್ರಶ್ನೆಗೆ ಉತ್ತರಿಸಿ. ಇಂಗ್ಲಿಷ್ ಬಾರದಿದ್ದರೆ ಭಾಷೆಯ ಹೆಸರು ಹೇಳಿ, ದುಭಾಷಿಯನ್ನು ಕರೆಸುವ ಏರ್ಪಾಡು ಅಲ್ಲಿದೆ. ಪ್ರಶ್ನೆ ಕೇಳುತ್ತಿರುವಾಗಲೇ ಗಾಡಿ ಹೊರಟಿರಬಹುದು, ಆದ್ದರಿಂದ ಅವರು ಹೇಳುವವರೆಗೆ ಫೋನ್ ಇಡಬೇಡಿ.